ಬಂಡೆಯೊಳಗಿನ ಊರು ಮತ್ತು ಊರು ಬಿಟ್ಟು ನಡೆದ ಜನ

ಅಮೆರಿಕದ ಕೊಲರಾಡೊ ರಾಜ್ಯದ ಮೆಸಾ ವರ್ಡೆಯಲ್ಲಿ ತೆಗೆದ ಫೋಟೊಗಳನ್ನು ಶಿರಸಿಗೆ ಮರಳಿದ ಮೇಲೆ ಬಂಧುಬಳಗದವರಿಗೆ ತೋರಿಸಿದಾಗಲೆಲ್ಲ ಕೇಳಿಬಂದ ಪ್ರಶ್ನೆ ಒಂದೇ: ಇಷ್ಟು ಕಷ್ಟಪಟ್ಟು ಬಂಡೆಯ ಹೊಟ್ಟೆಯೊಳಗೆ ಊರು ಕಟ್ಟಿಕೊಂಡವರು ಕೊನೆಗೆ ಏನಾದರು? ಅವರು ನಿಗೂಢವಾಗಿ ಕಣ್ಮರೆಯಾದರು ಎಂಬ ಉತ್ತರವನ್ನು ಪ್ರವಾಸಿ ಪುಸ್ತಕಗಳು ಬಹಳ ಕಾಲ ಹೇಳುತ್ತ ಬಂದವು; ಈಗಲೂ ಆ ಮಾತು ಅಲ್ಲಲ್ಲಿ ಉಳಿದುಕೊಂಡಿದೆ. ಅದು ತಪ್ಪು ಮಾತು. ಅದು ತಪ್ಪೆಂಬುದಕ್ಕೆ ಅಲ್ಲಿನ ನೀರು, ಮರ, ಕೋಳಿ ಮತ್ತು ಮಡಕೆಗಳೇ ಸಾಕ್ಷಿ ನುಡಿಯುತ್ತವೆ. ಕೇಳಿದವರಿಗೆಲ್ಲ ಬಾಯಲ್ಲಿ ಅರೆಬರೆಯಾಗಿ ಹೇಳಿದ್ದನ್ನು ಇಲ್ಲಿ ಸಾವಧಾನದಿಂದ ಬರೆಯುತ್ತಿದ್ದೇನೆ.

ಮಗಳು ಮತ್ತು ಅಳಿಯ ಇರುವುದು ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ. ಅಲ್ಲಿಂದ ವಾಯವ್ಯ ದಿಕ್ಕಿಗೆ ಕಾರಿನಲ್ಲಿ ನಾಲ್ಕು ತಾಸಿಗೂ ಹೆಚ್ಚು ಹೊತ್ತು ಸಾಗಿದರೆ ಕಾರ್ಟೆಜ್ ಎಂಬ ಪಟ್ಟಣ ಸಿಗುತ್ತದೆ. ಅದರ ಸಮೀಪದಲ್ಲಿ ನೆತ್ತಿ ಸಪಾಟಾಗಿರುವ, ಅಂಚುಗಳಲ್ಲಿ ಕಡಿದಾದ ಕಣಿವೆಗಳು ಕೊರೆದಿರುವ ಎತ್ತರದ ಪ್ರಸ್ಥಭೂಮಿಯೇ ಮೆಸಾ ವರ್ಡೆ. ದಾರಿಯ ಬಹುಪಾಲು ಬೋಳು ಗುಡ್ಡ, ಒಣಗಿದ ಹಳ್ಳ ಮತ್ತು ಮೊಣಕಾಲೆತ್ತರದ ಬೂದುಬಣ್ಣದ ಕುರುಚಲು. ಪ್ರಸ್ಥಭೂಮಿಯ ಮೇಲೆ ಪಿನ್ಯನ್ ಮತ್ತು ಜುನಿಪರ್ ಎಂಬ ಗಿಡ್ಡ ಮರಗಳ ಕಾಡಿದೆ. ಅದರ ನಡುನಡುವೆ 2000 ಮತ್ತು 2002ರ ಕಾಳ್ಗಿಚ್ಚುಗಳಲ್ಲಿ ಸುಟ್ಟ ಮರಗಳು ಇನ್ನೂ ನಿಂತಿವೆ. ಸಮುದ್ರಮಟ್ಟದಿಂದ 7,000ದಿಂದ 8,500 ಅಡಿಯವರೆಗಿನ ಈ ಎತ್ತರದಲ್ಲಿ ಹಿಮವನ್ನೂ ಸೇರಿಸಿ ವರ್ಷಕ್ಕೆ ಬೀಳುವುದು ಸುಮಾರು 450 ಮಿಲಿಮೀಟರ್ ನೀರು. ನಮ್ಮಲ್ಲಿ ಒಂದು ಆಷಾಢದಲ್ಲಿ ಸುರಿಯುವಷ್ಟು ಮಳೆ ಅಲ್ಲಿಗೆ ಇಡೀ ವರ್ಷಕ್ಕೂ ಇಲ್ಲ.

ಈ ನೆಲದಲ್ಲಿ ಪೂರ್ವಜ ಪ್ವೆಬ್ಲೊ ಜನರು (ಆ ಸೀಮೆಯ ಮೂಲನಿವಾಸಿಗಳಾದ ಪ್ವೆಬ್ಲೊಗಳ ಹಿರಿಯರು) ಕ್ರಿ.ಶ. 550ರ ಸುಮಾರಿನಿಂದ 1300ರ ಹತ್ತಿರದವರೆಗೆ, ಅಂದರೆ ಏಳು ಶತಮಾನಗಳಿಗೂ ಮೀರಿ, ಬಾಳಿದರು. ಈ ಅವಧಿಯ ಬಹುಭಾಗವನ್ನು ಅವರು ಕಳೆದದ್ದು ಬಂಡೆಯೊಳಗಲ್ಲ, ಮೇಲಿನ ಸಪಾಟು ನೆಲದಲ್ಲಿ. ಮೊದಲು ನೆಲ ಅಗೆದು ಮಾಡಿದ ಗುಂಡಿಮನೆಗಳು, ಆಮೇಲೆ ಗಳು ಮತ್ತು ಮಣ್ಣಿನ ಸಾಲುಮನೆಗಳು, ಸಾವಿರದ ಇಸವಿಯ ಹೊತ್ತಿಗೆ ಕಲ್ಲಿನ ಗೋಡೆಗಳು. ಕಣಿವೆಯ ಗೋಡೆಯಲ್ಲಿರುವ ಕಲ್ಲಾಸರೆಗಳೊಳಗೆ ಅವರು ದೊಡ್ಡ ಊರುಗಳನ್ನು ಕಟ್ಟಲು ತೊಡಗಿದ್ದು 1190ರ ನಂತರ. ನೂರು ವರ್ಷ ತುಂಬುವ ಮೊದಲೇ ಅವುಗಳನ್ನು ಬಿಟ್ಟು ಹೊರಟರು. ಈಗ ರಾಷ್ಟ್ರೀಯ ಉದ್ಯಾನವಾಗಿರುವ ಈ ನೆಲದಲ್ಲಿ ಗುರುತಿಸಲಾಗಿರುವ ಸುಮಾರು 5,000 ಪುರಾತನ ನೆಲೆಗಳಲ್ಲಿ ಇಂತಹ ಬಂಡೆಮನೆಗಳು 600ರಷ್ಟಿವೆ, ಮತ್ತು ಅವುಗಳಲ್ಲಿ ಹೆಚ್ಚಿನವು ಒಂದೆರಡು ಕೋಣೆಗಳ ಸಣ್ಣ ಕಟ್ಟಡಗಳು. ಪೋಸ್ಟ್‌ಕಾರ್ಡಿನಲ್ಲಿ ಕಾಣುವ ಭವ್ಯ ಊರುಗಳು ಬೆರಳೆಣಿಕೆಯವು.

ಅವುಗಳಲ್ಲಿ ಅತಿ ದೊಡ್ಡದು ಕ್ಲಿಫ್ ಪ್ಯಾಲೇಸ್. ಅಲ್ಲಿಗೆ ರೇಂಜರ್ ಜೊತೆಗಲ್ಲದೆ ಯಾರೂ ಇಳಿಯುವಂತಿಲ್ಲ. ಬಂಡೆಯ ಸೀಳಿನೊಳಗೆ ಏರುಪೇರಾದ ಕಲ್ಲಿನ ಮೆಟ್ಟಿಲುಗಳನ್ನು ಇಳಿದು, ಮರದ ಏಣಿ ಹತ್ತಿ, ತಿರುವು ದಾಟಿದ ಕೂಡಲೇ ಇಡೀ ಊರು ಎದುರಿಗೆ ನಿಲ್ಲುತ್ತದೆ. ನಮ್ಮ ಮನೆಯವರು ಮಂಡಿನೋವಿನಿಂದಾಗಿ ಮೇಲಿನ ಕಟ್ಟೆಯಿಂದಲೇ ನೋಡಿದರು. ಅಲ್ಲಿಂದ ಕಾಣುವ ನೋಟವೂ ಕಡಿಮೆಯದೇನಲ್ಲ. ಸುಮಾರು 150 ಕೋಣೆಗಳು, 20ಕ್ಕೂ ಹೆಚ್ಚು ಕೀವಾಗಳು (ಧಾರ್ಮಿಕ ವಿಧಿಗಳಿಗೆ ಸೇರುವ ದುಂಡು ಕೋಣೆಗಳು), ಚೌಕದ ಮತ್ತು ದುಂಡಗಿನ ಗೋಪುರಗಳು, ಇವೆಲ್ಲವೂ ಒಂದೇ ಕಲ್ಲಿನ ಮಾಡಿನ ಕೆಳಗೆ ಅಡಕವಾಗಿವೆ. ಇಷ್ಟು ಕೋಣೆಗಳಿದ್ದರೂ ಅಲ್ಲಿ ವಾಸವಿದ್ದವರು ಸುಮಾರು ನೂರು ಜನ ಎಂದು ವಿದ್ವಾಂಸರು ಅಂದಾಜು ಮಾಡುತ್ತಾರೆ, ಏಕೆಂದರೆ ಬಹಳಷ್ಟು ಕೋಣೆಗಳು ವಾಸಕ್ಕಲ್ಲ, ಧಾನ್ಯ ಮತ್ತು ಸಾಮಾನುಗಳನ್ನು ಇಡುವುದಕ್ಕಾಗಿ ಇದ್ದಂಥವು.

ಗೋಡೆಗಳ ಹತ್ತಿರ ಹೋಗಿ ನೋಡಿದರೆ ಕೆಲಸದ ನಾಜೂಕು ತಿಳಿಯುತ್ತದೆ. ಮರಳುಗಲ್ಲನ್ನು ಅದಕ್ಕಿಂತ ಗಟ್ಟಿಯಾದ ಕಲ್ಲಿನಿಂದಲೇ ಕುಟ್ಟಿ ಇಟ್ಟಿಗೆಯ ಆಕಾರಕ್ಕೆ ತಂದು, ಮಣ್ಣು, ನೀರು ಮತ್ತು ಬೂದಿ ಕಲಸಿದ ಗಾರೆಯಿಂದ ಕೂಡಿಸಿ, ಸಂದುಗಳಲ್ಲಿ ಚಿಕ್ಕ ಚಿಕ್ಕ ಕಲ್ಲಿನ ಚೂರುಗಳನ್ನು ಒತ್ತಿದ್ದಾರೆ. ಗಾರೆಯಲ್ಲಿ ಕೆಲವೆಡೆ ಬೆರಳಿನ ಗುರುತುಗಳು ಎಂಟು ಶತಮಾನಗಳ ನಂತರವೂ ಉಳಿದಿವೆ. ಅವರ ಬಳಿ ಲೋಹದ ಉಪಕರಣವಿರಲಿಲ್ಲ, ಚಕ್ರವಿರಲಿಲ್ಲ, ಹೊರೆ ಹೊರುವ ಎತ್ತು ಕುದುರೆಗಳಿರಲಿಲ್ಲ. ಬಾಗಿಲುಗಳು ಗಿಡ್ಡ, ಅಂದಿನ ಗಂಡಸರ ಸರಾಸರಿ ಎತ್ತರ ಐದು ಅಡಿ ನಾಲ್ಕು ಇಂಚು, ಹೆಂಗಸರದು ಐದು ಅಡಿ. ನಾಲ್ಕು ಅಂತಸ್ತಿನ ಚೌಕ ಗೋಪುರದ ಒಳಗೋಡೆಯಲ್ಲಿ ಬಿಳಿಯ ಮೇಲೆ ಕೆಂಪಿನಲ್ಲಿ ಬರೆದ ರೇಖಾಚಿತ್ತಾರವಿದೆ. ನಾನು ಕುತ್ತಿಗೆ ಒಳಗೆ ಹಾಕಿ ಮೇಲೆ ನೋಡಿದಾಗ ಆ ಕೆಂಪು ಇನ್ನೂ ಮಾಸಿರಲಿಲ್ಲ. ಮಳೆ, ಹಿಮ ನೇರವಾಗಿ ತಾಗದಿರುವುದರಿಂದ ಇದೆಲ್ಲ ಉಳಿಯಿತು. ದೊಡ್ಡ ಬಂಡೆಮನೆಗಳ ಬಹುಪಾಲು ದಕ್ಷಿಣಕ್ಕೆ ಅಥವಾ ನೈಋತ್ಯಕ್ಕೆ ಮುಖ ಮಾಡಿರುವುದರಿಂದ ಚಳಿಗಾಲದ ಇಳಿಬಿಸಿಲು ಒಳಗೆ ಬಂದು ಗೋಡೆಗಳನ್ನು ಕಾಯಿಸುತ್ತದೆ. ಬೇಸಿಗೆಯಲ್ಲಿ ಸೂರ್ಯ ಮೇಲೇರಿದಾಗ ಬಂಡೆಯ ಮಾಡು ನೆರಳು ಕೊಡುತ್ತದೆ.

ಆದರೆ ನೆರಳು, ಬಿಸಿಲು ಮಾತ್ರ ನೋಡಿ ಜಾಗ ಆರಿಸುವ ರೈತ ಎಲ್ಲಿಯೂ ಇಲ್ಲ. ನೀರು ಎಲ್ಲಿಂದ ಬರುತ್ತಿತ್ತು ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಕಣ್ಣಾರೆ ಕಂಡದ್ದು ವೆದರಿಲ್ ಮೆಸಾ ಎಂಬ ಪಶ್ಚಿಮದ ಭಾಗದಲ್ಲಿರುವ ಲಾಂಗ್ ಹೌಸ್‌ನಲ್ಲಿ. ಅಲ್ಲಿಗೆ ಜನಸಂದಣಿ ಕಡಿಮೆ. ನನ್ನನ್ನು ಕೇಳಿದರೆ ಒಂದೇ ಬಂಡೆಮನೆ ನೋಡಲು ಸಮಯವಿರುವವರು ಕ್ಲಿಫ್ ಪ್ಯಾಲೇಸಿಗಿಂತ ಇದನ್ನು ನೋಡುವುದು ಒಳ್ಳೆಯದು. ಆಸರೆಯ ಹಿಂಭಾಗದಲ್ಲಿ, ಮಾಡು ತಗ್ಗಾಗಿ ನೆಲ ಸೇರುವ ಕತ್ತಲ ಜಾಗದಲ್ಲಿ, ಬಂಡೆಯ ಬುಡ ಒದ್ದೆಯಾಗಿದೆ. ಒಸರುವ ನೀರು ನಿಲ್ಲಲೆಂದು ನೆಲದ ಕಲ್ಲಿನಲ್ಲಿ ಬಟ್ಟಲಿನಷ್ಟು ದೊಡ್ಡ ಕುಳಿಗಳನ್ನು ಕೊರೆದಿದ್ದಾರೆ. ಒಂದು ಕುಳಿ ತುಂಬುವವರೆಗೆ ಕಾದು, ಸೌಟಿನಿಂದ ತೋಡಿ ಮಡಕೆಗೆ ಹಾಕಿ, ಮತ್ತೆ ಕಾಯಬೇಕು. ಆ ಕುಳಿಗಳ ಎದುರು ಕುಕ್ಕರುಗಾಲಲ್ಲಿ ಕುಳಿತವರು ಯಾರು, ಎಷ್ಟು ಹೊತ್ತು ಕುಳಿತರು ಎಂದು ಯೋಚಿಸುತ್ತ ನಾನು ಗುಂಪಿನಿಂದ ಹಿಂದೆ ಉಳಿದೆ.

ಈ ಒರತೆಗೂ ಆ ಆಸರೆಗೂ ಇರುವ ಸಂಬಂಧ ಆಕಸ್ಮಿಕವಲ್ಲ. ಪ್ರಸ್ಥಭೂಮಿಯ ಮೇಲ್ಪದರ ರಂಧ್ರಗಳಿರುವ ಮರಳುಗಲ್ಲು. ಅದರ ಕೆಳಗೆ ನೀರನ್ನು ಇಳಿಯಗೊಡದ ಜೇಡಿಗಲ್ಲಿನ ಪದರವಿದೆ. ಮೇಲೆ ಬಿದ್ದ ಮಳೆ ಮತ್ತು ಕರಗಿದ ಹಿಮ ಮರಳುಗಲ್ಲಿನೊಳಗೆ ನಿಧಾನವಾಗಿ ಇಳಿದು, ಜೇಡಿಗಲ್ಲನ್ನು ಮುಟ್ಟಿದ ಮೇಲೆ ಅಡ್ಡಕ್ಕೆ ಹರಿದು ಕಣಿವೆಯ ಗೋಡೆಯಲ್ಲಿ ಹೊರಬರುತ್ತದೆ. ನಮ್ಮ ಘಟ್ಟದ ಗುಡ್ಡಗಳಲ್ಲಿ ಜಂಬಿಟ್ಟಿಗೆಯ ಪದರ ಮುಗಿದು ಜೇಡಿಮಣ್ಣು ಸಿಗುವಲ್ಲಿ ಒರತೆ ಏಳುತ್ತದೆಯಲ್ಲ, ಅದೇ ನ್ಯಾಯ. ಆ ನೀರು ಕಲ್ಲಿನ ಕಣಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದಾಗ ಚಕ್ಕೆಗಳನ್ನು ಒಡೆದು ಬೀಳಿಸುತ್ತದೆ, ಹೀಗೆ ಸಾವಿರಾರು ವರ್ಷಗಳಲ್ಲಿ ಬಂಡೆಯೊಳಗೆ ದೊಡ್ಡ ಟೊಳ್ಳಾಗುತ್ತದೆ. ಅಂದರೆ ಕುಡಿಯಲು ಕೊಟ್ಟ ನೀರೇ ಮನೆಗೆ ಜಾಗವನ್ನೂ ಕೊರೆದು ಕೊಟ್ಟಿದೆ. ಅದೇ ಕ್ರಿಯೆ ಇಂದಿಗೂ ನಡೆಯುತ್ತಿದೆ; ಮಾಡಿನಿಂದ ಕಲ್ಲು ಉದುರಿದ ಕಾರಣ 130 ಕೋಣೆಗಳ ಸ್ಪ್ರೂಸ್ ಟ್ರೀ ಹೌಸ್‌ಗೆ 2015ರಲ್ಲಿ ಪ್ರವೇಶ ನಿಲ್ಲಿಸಿದರು, ನಾವು ಅದನ್ನು ದೂರದಿಂದಲೇ ನೋಡಿ ಬಂದೆವು.

ಬೇಸಾಯವೆಲ್ಲ ಮೇಲಿನ ಸಪಾಟು ನೆಲದಲ್ಲಿ. ಗೋವಿನಜೋಳ, ಬೀನ್ಸ್ ಮತ್ತು ಕುಂಬಳ ಅವರ ಮುಖ್ಯ ಬೆಳೆಗಳು. ಸಣ್ಣ ಹಳ್ಳಗಳಿಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳನ್ನು ಸಾಲಾಗಿ ಹಾಕಿ ಮಣ್ಣು ಮತ್ತು ತೇವ ಎರಡನ್ನೂ ಹಿಡಿದಿಟ್ಟು ಆ ಪಟ್ಟೆಗಳಲ್ಲಿ ಬಿತ್ತುತ್ತಿದ್ದರು. ಹೊಲಕ್ಕೆ ಹೋಗಲು ನೇರ ಬಂಡೆಯಲ್ಲಿ ಕೈಬೆರಳು, ಕಾಲ್ಬೆರಳು ಹಿಡಿಯುವಷ್ಟು ಗುಳಿಗಳನ್ನು ಕೊರೆದಿದ್ದರು. ಬೆನ್ನ ಮೇಲೆ ಜೋಳದ ಹೊರೆಯನ್ನು ಹೊತ್ತು ಆ ಗುಳಿಗಳಲ್ಲಿ ಇಳಿಯುತ್ತಿದ್ದರೆಂಬುದನ್ನು, ಕಬ್ಬಿಣದ ಸರಪಳಿ ಹಿಡಿದು ನಡೆದ ನನಗೆ, ನೆನೆದರೇ ಮೈ ಜುಂ ಎನ್ನುತ್ತದೆ. ಕಾಳನ್ನು ಮರಳುಗಲ್ಲಿನ ಮೇಲೆಯೇ ಅರೆಯುತ್ತಿದ್ದುದರಿಂದ ಹಿಟ್ಟಿನೊಂದಿಗೆ ಕಲ್ಲಿನ ಪುಡಿಯೂ ಹೊಟ್ಟೆಗೆ ಹೋಗಿ ವಯಸ್ಕರ ಹಲ್ಲುಗಳು ಸವೆದುಹೋಗಿರುತ್ತಿದ್ದವು. ಯಕ್ಕಾ ಎಂಬ ಗಿಡದ ಎಲೆಯ ನಾರಿನಿಂದ ಹಗ್ಗ ಮತ್ತು ಪಾದರಕ್ಷೆ, ಅದರ ಬೇರಿನಿಂದ ಸಾಬೂನಿನಂಥ ನೊರೆ. ಸಾಕಿದ ಪ್ರಾಣಿಗಳೆಂದರೆ ನಾಯಿ ಮತ್ತು ಟರ್ಕಿ ಕೋಳಿ ಎರಡೇ. ಟರ್ಕಿಯ ಗರಿಗಳನ್ನು ಯಕ್ಕಾ ಹುರಿಗೆ ಸುತ್ತಿ ಹೊದಿಕೆ ನೇಯುತ್ತಿದ್ದರು. ಈ ಕೋಳಿಯ ವಿಷಯ ಮುಂದೆ ಮತ್ತೆ ಬರುತ್ತದೆ.

ಕೀವಾ ಎಂದರೆ ನೆಲದೊಳಗಿನ ದುಂಡಗಿನ ಕೋಣೆ. ಅದರ ಮಾಡೇ ಮೇಲಿನವರಿಗೆ ಅಂಗಳ. ಮಾಡಿನ ನಡುವಿನ ಕಂಡಿಯಿಂದ ಏಣಿಯಲ್ಲಿ ಇಳಿಯಬೇಕು, ಒಲೆಯ ಹೊಗೆ ಹೊರಹೋಗುವುದೂ ಅದೇ ಕಂಡಿಯಿಂದ. ಹೊಸ ಗಾಳಿ ಬರಲು ಗೋಡೆಯ ಹಿಂದೆ ಪ್ರತ್ಯೇಕ ಕೊಳವೆಯಂಥ ದಾರಿಯಿದೆ. ಬಂದ ಗಾಳಿ ನೇರವಾಗಿ ಬೆಂಕಿಗೆ ತಾಗದಿರಲೆಂದು ಮಧ್ಯೆ ಮೋಟುಗೋಡೆ ನಿಲ್ಲಿಸಿದ್ದಾರೆ. ಒಲೆಯ ಆಚೆ ನೆಲದಲ್ಲಿ ಮುಷ್ಟಿಗಾತ್ರದ ಒಂದು ತೂತು ಇರುತ್ತದೆ. ಅದು ಸಿಪಾಪು, ಮಾನವಕುಲ ಕೆಳಲೋಕದಿಂದ ಈ ಲೋಕಕ್ಕೆ ಏರಿಬಂದ ದ್ವಾರದ ಸಂಕೇತವೆಂದು ಪ್ವೆಬ್ಲೊ ಜನರು ನಂಬುತ್ತಾರೆ. ನಂಬುತ್ತಿದ್ದರು ಎಂದು ಬರೆಯಲಾಗದು, ಏಕೆಂದರೆ ನಂಬುವವರು ಇದ್ದಾರೆ.

ಇದ್ದಾರೆ ಎಂಬುದನ್ನು ಹೊರಗಿನವರು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ದನ ಮೇಯಿಸುವ ಕುಟುಂಬದ ರಿಚರ್ಡ್ ವೆದರಿಲ್ ಮತ್ತು ಚಾರ್ಲಿ ಮೇಸನ್ 1888ರ ಡಿಸೆಂಬರ್ 18ರಂದು ತಪ್ಪಿಸಿಕೊಂಡ ದನಗಳನ್ನು ಹುಡುಕುತ್ತ ಹೋಗಿ ಕ್ಲಿಫ್ ಪ್ಯಾಲೇಸನ್ನು ಕಂಡರು. ಆಗ ಆ ನೆಲದಲ್ಲಿ ಬದುಕಿದ್ದ ಯೂಟ್ ಎಂಬ ಬೇರೆ ಮೂಲನಿವಾಸಿ ಜನರಿಗೆ ಅದು ಮೊದಲೇ ಗೊತ್ತಿತ್ತು. ಅನಂತರ ಅಗೆಯುವವರ, ಮಾರುವವರ ಕಾಲ ಬಂತು. 1891ರಲ್ಲಿ ಸ್ವೀಡನ್ನಿನ ತರುಣ ಗುಸ್ತಾಫ್ ನೋರ್ಡೆನ್‌ಶೋಲ್ಡ್ ಆ ಕಾಲಕ್ಕೆ ಶಿಸ್ತಿನದೆನ್ನಬಹುದಾದ ಉತ್ಖನನ ನಡೆಸಿದ. ಸಿಕ್ಕ ವಸ್ತುಗಳನ್ನು ಸಾಗಿಸುವಾಗ ಅವನನ್ನು ಬಂಧಿಸಿದರೂ, ತಡೆಯುವ ಕಾನೂನು ಯಾವುದೂ ಇಲ್ಲದ್ದರಿಂದ ಬಿಟ್ಟುಬಿಡಬೇಕಾಯಿತು. ಆ ಸಂಗ್ರಹ ಕೊನೆಗೆ ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿತು. ವರ್ಜೀನಿಯಾ ಮೆಕ್‌ಕ್ಲರ್ಗ್ ಮತ್ತು ಲೂಸಿ ಪೀಬಾಡಿ ಎಂಬ ಇಬ್ಬರು ಮಹಿಳೆಯರು ಈ ನೆಲೆಗಳನ್ನು ರಕ್ಷಿಸಬೇಕೆಂದು ವರ್ಷಗಟ್ಟಲೆ ಪ್ರಚಾರ ನಡೆಸಿದರು. 1906ರ ಜೂನ್‌ನಲ್ಲಿ ಪುರಾತನ ನೆಲೆಗಳ ರಕ್ಷಣೆಯ ಕಾನೂನೂ, ಅದೇ ತಿಂಗಳ 29ರಂದು ಮೆಸಾ ವರ್ಡೆ ರಾಷ್ಟ್ರೀಯ ಉದ್ಯಾನವೂ ಜಾರಿಗೆ ಬಂದವು. ಹೆಲ್ಸಿಂಕಿಯಲ್ಲಿದ್ದ ಸುಮಾರು 20 ಜನರ ಅಸ್ಥಿಗಳು ಮತ್ತು ಅವರೊಂದಿಗೆ ಹೂತಿದ್ದ ವಸ್ತುಗಳು 2020ರಲ್ಲಿ ಮರಳಿ ಬಂದವು. ಅವುಗಳನ್ನು ಕೇಳಿ ಪಡೆದವರು ಹೋಪಿ, ಝೂನಿ, ಆಕೊಮಾ ಮತ್ತು ಝಿಯಾ ಎಂಬ ಇಂದಿನ ಪ್ವೆಬ್ಲೊ ಸಮುದಾಯಗಳ ಜನರು. ತಮ್ಮ ಹಿರಿಯರನ್ನು ಅವರು ಉದ್ಯಾನದ ನೆಲದಲ್ಲಿಯೇ ಮತ್ತೆ ಮಣ್ಣು ಮಾಡಿದರು. ಕಣ್ಮರೆಯಾದವರ ಮೂಳೆಗಳಿಗೆ ಹೀಗೆ ವಾರಸುದಾರರು ಬರುವುದಿಲ್ಲ.

ಹಾಗಾದರೆ ಅವರು ಹೊರಟದ್ದೇಕೆ? ಇದಕ್ಕೆ ಸಾಕ್ಷಿ ಹೇಳುವುದು ಮರ. ಒಣ ಹವೆಯಲ್ಲಿ ತೊಲೆಗಳು ಕೊಳೆಯದೆ ಉಳಿದಿವೆ. ಮಳೆ ಹೆಚ್ಚಾದ ವರ್ಷ ಅಗಲದ ಉಂಗುರ, ಬರದ ವರ್ಷ ಕಿರಿದಾದ ಉಂಗುರ ಮರದಲ್ಲಿ ಮೂಡಿರುತ್ತದೆ. ಖಗೋಳವಿಜ್ಞಾನಿ ಎ. ಇ. ಡಗ್ಲಸ್ 1929ರಲ್ಲಿ ಅರಿಜೋನಾದಲ್ಲಿ ಸಿಕ್ಕ ಒಂದು ಸುಟ್ಟ ತೊಲೆಯ ನೆರವಿನಿಂದ ಬದುಕಿರುವ ಮರಗಳ ಉಂಗುರಸಾಲನ್ನೂ ಹಳೆಯ ತೊಲೆಗಳ ಉಂಗುರಸಾಲನ್ನೂ ಜೋಡಿಸಿದ ಮೇಲೆ ಈ ಮನೆಗಳಿಗೆ ಇಸವಿ ಹಚ್ಚುವುದು ಸಾಧ್ಯವಾಯಿತು. ಅದೇ ಉಂಗುರಗಳು 1276ರಿಂದ 1299ರವರೆಗೆ ದೀರ್ಘ ಬರವಿತ್ತೆಂದು ಹೇಳುತ್ತವೆ. ಬರವೊಂದೇ ಕಾರಣವೆಂದು ಯಾರೂ ಹೇಳುವುದಿಲ್ಲ. ಹಿಂದೆಯೂ ಬರ ಬಂದಿತ್ತು, ಜನ ಉಳಿದುಕೊಂಡಿದ್ದರು. ಹೆಚ್ಚಿದ ಜನಸಂಖ್ಯೆ, ಸವೆದ ಮಣ್ಣು, ಕರಗಿದ ಕಾಡು, ನೆರೆಹೊರೆಯ ಕಲಹ, ಧಾರ್ಮಿಕ ಬದಲಾವಣೆ ಎಲ್ಲವನ್ನೂ ವಿದ್ವಾಂಸರು ಚರ್ಚಿಸುತ್ತಾರೆ. ಲಾಂಗ್ ಹೌಸಿನ ಕುಳಿಗಳನ್ನು ನೋಡಿದ ನನಗೆ ನೀರಿನ ಮಾತೇ ಹೆಚ್ಚು ತೂಕದ್ದೆನಿಸುತ್ತದೆ: ಮೊದಲೇ ತೊಟ್ಟಿಕ್ಕುತ್ತಿದ್ದ ಒರತೆ ಇನ್ನೂ ನಿಧಾನವಾದಾಗ, ಮೇಲೆ ಹೊಲವೂ ಒಣಗಿದಾಗ, ನೀರಿರುವ ಕಡೆಗೆ ನಡೆಯುವುದು ವಿವೇಕ.

ಅವರು ನಡೆದದ್ದು ದಕ್ಷಿಣಕ್ಕೆ ಮತ್ತು ಆಗ್ನೇಯಕ್ಕೆ, ರಿಯೊ ಗ್ರಾಂಡೆ ನದಿಯ ಕಡೆಗೆ, ಝೂನಿ ಮತ್ತು ಹೋಪಿ ನೆಲೆಗಳ ಕಡೆಗೆ. ಇದನ್ನು ಅವರ ವಂಶಸ್ಥರು ತಲೆಮಾರುಗಳಿಂದ ಹೇಳುತ್ತಲೇ ಬಂದಿದ್ದರು. 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಟರ್ಕಿ ಮೂಳೆಗಳ ಡಿಎನ್‌ಎಯನ್ನು ಪರೀಕ್ಷಿಸಿ, 1280ರ ನಂತರ ರಿಯೊ ಗ್ರಾಂಡೆಯ ಉತ್ತರ ಸೀಮೆಯಲ್ಲಿದ್ದ ಕೋಳಿಗಳು ಮೆಸಾ ವರ್ಡೆ ಸೀಮೆಯ ಕೋಳಿಗಳ ವಂಶಕ್ಕೆ ಹೊಂದುತ್ತವೆಂದು ತೋರಿಸಿತು. ಹೊರಟವರು ಕೋಳಿಗಳನ್ನೂ ಕರೆದುಕೊಂಡು ಹೋಗಿದ್ದರು.

ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಆಯಿಯ ತವರು. 1980ರ ದಶಕದಲ್ಲಿ ಸೂಪಾ ಅಣೆಕಟ್ಟಿನಿಂದಾಗಿ ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ಕಾಳಿ ನದಿಯ ಹಿನ್ನೀರಿನಲ್ಲಿ ಮುಳುಗಿದವು. ಬಹಳ ಕುಟುಂಬಗಳು ರಾಮನಗರಕ್ಕೆ ಹೋಗಿ ನೆಲೆಸಿದವು, ನಮ್ಮ ಸೋದರಮಾವಂದಿರು ಘಟ್ಟದ ಈಚೆ ಬಂದರು. ದೇವರ ಪೆಟ್ಟಿಗೆ, ಬೀಜದ ಭತ್ತ, ಕರೆಯುವ ಎಮ್ಮೆ ಅವರ ಜೊತೆಗೆ ಬಂದವು. ಹಿನ್ನೀರಿನ ದಡದಲ್ಲಿ ನಿಂತ ಪ್ರವಾಸಿಗನೊಬ್ಬ, ಇಲ್ಲಿದ್ದ ಜನ ಕಣ್ಮರೆಯಾದರು ಎಂದು ಹೇಳಿದರೆ ಆಯಿ ಏನನ್ನುತ್ತಿದ್ದಳೋ, ಹೋಪಿಗಳೂ ಝೂನಿಗಳೂ ಅದನ್ನೇ ಅನ್ನುತ್ತಾರೆ. ಅವರ ಪಾಲಿಗೆ ಮೆಸಾ ವರ್ಡೆ ಪಾಳುಬಿದ್ದ ಜಾಗವೂ ಅಲ್ಲ. ಹಿರಿಯರು ಇನ್ನೂ ಇರುವ ಊರು.

ಆದ್ದರಿಂದಲೇ ಮರಳುವ ದಾರಿಯಲ್ಲಿ ಆಕೊಮಾಕ್ಕೆ ಹೋಗಲೇಬೇಕೆಂದು ನಾನು ಹಟ ಹಿಡಿದೆ. ಆಲ್ಬುಕರ್ಕಿಯಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೊಮೀಟರ್. ಬಯಲಿನ ನಡುವೆ 350 ಅಡಿಗೂ ಹೆಚ್ಚು ಎತ್ತರದ ಒಂಟಿ ಬಂಡೆ, ಅದರ ನೆತ್ತಿಯ ಮೇಲೆ ಊರು. 12ನೆಯ ಶತಮಾನದಿಂದಲೂ ಅಲ್ಲಿ ಜನವಸತಿ ಇದೆ. 1599ರಲ್ಲಿ ಸ್ಪೇನಿನ ಪಡೆ ಆ ಊರಿನ ಮೇಲೆ ಬಿದ್ದು ನೂರಾರು ಜನರನ್ನು ಕೊಂದಿತು. ಉಳಿದವರು ಮತ್ತೆ ಬಂದು ಕಟ್ಟಿದರು. ಬಂಡೆಯ ಮೇಲೆ ಇಂದಿಗೂ ವಿದ್ಯುತ್ ಇಲ್ಲ, ನಲ್ಲಿ ನೀರಿಲ್ಲ. ಕಲ್ಲಿನ ತಗ್ಗುಗಳಲ್ಲಿ ಮಳೆನೀರು ನಿಲ್ಲುವ ಹಳೆಯ ಹೊಂಡಗಳಿವೆ. ವರ್ಷವಿಡೀ ಅಲ್ಲಿಯೇ ಇರುವ ಕುಟುಂಬಗಳು ಕೆಲವೇ, ಆದರೆ ಬಯಲಿನ ಹಳ್ಳಿಗಳಲ್ಲಿರುವವರೂ ಮೇಲೆ ಮನೆ ಉಳಿಸಿಕೊಂಡಿದ್ದಾರೆ, ಮತ್ತು ಆ ಮನೆಗಳು ತಾಯಿಯಿಂದ ಮಗಳಿಗೆ ಸಲ್ಲುತ್ತವೆ. ಏಣಿ ಇಳಿದು ಒಳಹೋಗುವ ಕೀವಾಗಳು ಬಳಕೆಯಲ್ಲಿವೆ. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ, ಇರಬಾರದು ಕೂಡ.

ಮನೆಯ ಬಾಗಿಲಲ್ಲಿ ಮೇಜು ಹಾಕಿ ಮಡಕೆ ಮಾರುತ್ತಿದ್ದ ಹಿರಿಯ ಹೆಂಗಸೊಬ್ಬರ ಬಳಿ ನಾನೂ ಮಗಳೂ ಬಹಳ ಹೊತ್ತು ನಿಂತೆವು. ಬಿಳಿಯ ಮೇಲೆ ಕಪ್ಪು ಗೆರೆಗಳ ಆ ಚಿತ್ತಾರ ಮೆಸಾ ವರ್ಡೆಯ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನೋಡಿದ್ದರ ಹತ್ತಿರದ ನೆಂಟನೇ ಸರಿ. ಬಿಸಿಲಿನಲ್ಲಿ, ಬೆಂಕಿಯಲ್ಲಿ ಮಡಕೆ ಬಿರುಕು ಬಿಡದಿರಲು ಜೇಡಿಗೆ ಏನು ಬೆರೆಸುತ್ತೀರಿ ಎಂದು ಮಗಳು ಕೇಳಿದಳು. ಒಡೆದ ಹಳೆಯ ಮಡಕೆಗಳ ಚೂರುಗಳನ್ನು ನುಣ್ಣಗೆ ಅರೆದು ಹೊಸ ಜೇಡಿಗೆ ಸೇರಿಸುತ್ತೇವೆ, ಅಜ್ಜಿಯೂ ಹಾಗೆಯೇ ಮಾಡುತ್ತಿದ್ದರು ಎಂದು ಅವರು ಉತ್ತರಿಸಿದರು. ಆಕೊಮಾದ ಕುಂಬಾರಿಕೆಯಲ್ಲಿ ಇದು ಪೀಳಿಗೆಗಳಿಂದ ನಡೆದುಬಂದ ಕ್ರಮ.

ನಮ್ಮ ಜಿಲ್ಲೆಯಿಂದ ಮಕ್ಕಳ ಮನೆಗೆಂದು ಆ ಕಡೆ ಹೋಗುವವರು ಈಗ ಬಹಳ ಜನ ಇದ್ದಾರೆ. ಅವರಿಗಾಗಿ ಕೆಲವು ಮಾತು. ಕ್ಲಿಫ್ ಪ್ಯಾಲೇಸ್, ಬಾಲ್ಕನಿ ಹೌಸ್ ಮತ್ತು ಲಾಂಗ್ ಹೌಸ್‌ಗಳಿಗೆ ಮುಂಗಡ ಟಿಕೆಟ್ ಬೇಕು, ಚಳಿಗಾಲದಲ್ಲಿ ಇಳಿಯಲು ಬಿಡುವುದಿಲ್ಲ. ಬಾಲ್ಕನಿ ಹೌಸ್‌ನಲ್ಲಿ 32 ಅಡಿಯ ಏಣಿ ಹತ್ತಿ, 18 ಇಂಚು ಅಗಲದ ಸುರಂಗದಲ್ಲಿ ತೆವಳಬೇಕು; ಮಂಡಿನೋವಿರುವವರು, ಎತ್ತರಕ್ಕೆ ಹೆದರುವವರು ಅದನ್ನು ಬಿಡುವುದು ಕ್ಷೇಮ. ಆ ಎತ್ತರದಲ್ಲಿ ಬೇಗ ದಣಿವಾಗುತ್ತದೆ, ನೀರು ಜೊತೆಗಿರಲಿ. ಆಕೊಮಾದಲ್ಲಿ ಅಲ್ಲಿನವರೇ ಮಾರ್ಗದರ್ಶಕರು; ಫೋಟೊ ತೆಗೆಯಲು ಅನುಮತಿ ಪಡೆಯಬೇಕು, ಮತ್ತು ತಮ್ಮ ವಿಧಿಗಳಿರುವ ದಿನಗಳಲ್ಲಿ ಅವರು ಊರನ್ನು ಹೊರಗಿನವರಿಗೆ ಮುಚ್ಚುತ್ತಾರೆ, ಹೊರಡುವ ಮೊದಲು ವಿಚಾರಿಸಿಕೊಳ್ಳಿ. ಸೆಪ್ಟೆಂಬರ್ ಆರಂಭದಲ್ಲಿ ಅಲ್ಲಿರುವವರು ಸೆಪ್ಟೆಂಬರ್ 2ರ ಹಬ್ಬಕ್ಕೆ ಹೋಗಬಹುದು. ಅಂದು ಸುತ್ತಲಿನ ಆಕೊಮಾ ಕುಟುಂಬಗಳು ಬಂಡೆಯ ಮೇಲಿನ ಮನೆಗಳಿಗೆ ಬರುತ್ತವೆ, ಬೀದಿಯಲ್ಲಿ ಕುಣಿತ ನಡೆಯುತ್ತದೆ, ಕ್ಯಾಮೆರಾ ಒಯ್ಯುವಂತಿಲ್ಲ.